ಕ್ರಿಸ್‌ಮಸ್‌ಗೆ ಮುಂಚೆ 40 ದಿನದ ಉಪವಾಸ ಇತ್ತು, ಗೊತ್ತಾ? (ಹಬ್ಬಗಳ ಹಿಂದಿನ ಇತಿಹಾಸ, ಭಾಗ 3)

ಡಿಸೆಂಬರ್ 1 ಬಂತು ಅಂದ್ರೆ ಸಾಕು, ನಿಮ್ಮ ಫೀಡ್ ತುಂಬಾ ನಕ್ಷತ್ರ, ಪ್ಲಮ್ ಕೇಕ್, ಕೆಂಪು ಟೋಪಿ. ಆದ್ರೆ ಚರ್ಚ್ ಕ್ಯಾಲೆಂಡರ್ ಪ್ರಕಾರ ಆಗ ಇನ್ನೂ ಕ್ರಿಸ್‌ಮಸ್ ಶುರುವೇ ಆಗಿರಲ್ಲ. ಅದು 'ಆಗಮನ ಕಾಲ'. ಆ ನಾಲ್ಕು ವಾರ ಕ್ಯಾಥೊಲಿಕ್ ಚರ್ಚಿಗೆ ಹೋಗಿ ನೋಡಿ. ಪಾದ್ರಿಗಳು ನೇರಳೆ ವಸ್ತ್ರ ಹಾಕಿರ್ತಾರೆ, ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲಿ ಹಾಕೋ ಅದೇ ಬಣ್ಣ. ಭಾನುವಾರದ ಪೂಜೆಯಲ್ಲಿ ಗ್ಲೋರಿಯಾ ಹಾಡಲ್ಲ. ಮೊದಲ ಭಾನುವಾರದ ಓದಿನಲ್ಲಿ ಗೋದಲಿಯ ಮಗುವೂ ಇಲ್ಲ, ಕುರಿ ಕಾಯೋರೂ ಇಲ್ಲ. ಇರೋದು ಕ್ರಿಸ್ತ ಮತ್ತೆ ಬರುವ ದಿನದ ಮಾತು: ಎಚ್ಚರವಾಗಿರಿ, ಯಾವಾಗ ಅಂತ ಗೊತ್ತಿಲ್ಲ.

ಹುಟ್ಟುಹಬ್ಬಕ್ಕೆ ಇಷ್ಟು ಗಂಭೀರ ತಯಾರಿ ಯಾಕೆ?

ಕ್ರಿ.ಶ. 380ಕ್ಕೆ ಹೋಗೋಣ. ಸ್ಪೇನ್‌ನ ಸರಗೋಸಾದಲ್ಲಿ ಬಿಷಪರ ಸಭೆ. ಅಲ್ಲಿ ಆದ ಒಂದು ನಿಯಮ ಹೀಗಿದೆ: ಡಿಸೆಂಬರ್ 17ರಿಂದ ಜನವರಿ 6ರವರೆಗೆ, ಅಂದ್ರೆ 21 ದಿನ, ಯಾರೂ ಚರ್ಚ್ ತಪ್ಪಿಸಬಾರದು. ಮನೆಯೊಳಗೆ ಅಡಗಿ ಕೂರಬಾರದು, ತೋಟದ ಮನೆಗೆ ಹೋಗಬಾರದು, ಬೆಟ್ಟ ಹತ್ತಬಾರದು, ಬರಿಗಾಲಲ್ಲಿ ನಡೆಯಬಾರದು.

ಬರಿಗಾಲಲ್ಲಿ ನಡೆದ್ರೆ ಬಿಷಪರ ಗಂಟೇನು ಹೋಗುತ್ತೆ ಅಂತೀರಾ? ಅವರ ಕಣ್ಣಿದ್ದಿದ್ದು ಪ್ರಿಸಿಲಿಯನ್ ಅನ್ನೋನ ಅನುಯಾಯಿಗಳ ಮೇಲೆ. ಇವರು ಕಠಿಣ ವ್ರತದವರು. ಎಲ್ಲರೂ ಚರ್ಚಿನಲ್ಲಿ ಸೇರೋ ಹೊತ್ತಿಗೆ ಇವರು ದೂರ ಹೋಗಿ ತಮ್ಮ ಪಾಡಿಗೆ ತಪಸ್ಸು ಮಾಡ್ತಾರೆ ಅನ್ನೋದು ಆರೋಪ. ನನಗೆ ಕುತೂಹಲ ಅನಿಸೋದು ಇಲ್ಲೇ. ದೇವರಿಗಾಗಿ ಒಬ್ಬನೇ ಸಿದ್ಧನಾಗೋದಾ, ಊರಿನವರ ಜೊತೆ ಸೇರಿ ಸಿದ್ಧನಾಗೋದಾ? ಅಷ್ಟು ಹಿಂದೆಯೇ ಈ ಜಗಳ ಇತ್ತು.

ಜಗಳ ಮಾತಿನಲ್ಲೇ ಮುಗೀಲಿಲ್ಲ. ಸುಮಾರು 385ರಲ್ಲಿ ಟ್ರಿಯರ್ ನಗರದಲ್ಲಿ ಚಕ್ರವರ್ತಿ ಮ್ಯಾಕ್ಸಿಮಸ್ ಪ್ರಿಸಿಲಿಯನ್‌ಗೆ ಮರಣದಂಡನೆ ಕೊಟ್ಟ. ರಕ್ತ ಹರಿಸಬೇಡ ಅಂತ ಅವನ ಹತ್ರ ಹೋಗಿ ಬೇಡಿಕೊಂಡವರು ಟೂರ್ಸ್‌ನ ಬಿಷಪ್ ಮಾರ್ಟಿನ್. ಮಾರ್ಟಿನ್ ಪ್ರಿಸಿಲಿಯನ್‌ನ ಶಿಷ್ಯರೇನಲ್ಲ. ಆದ್ರೂ ಜೀವ ಉಳಿಸಿ ಅಂದ್ರು. ನಡೀಲಿಲ್ಲ.

ಈ ಹೆಸರು ನೆನಪಿಟ್ಕೊಳ್ಳಿ. ಯಾಕಂದ್ರೆ ಮುಂದಿನ ಶತಮಾನದಲ್ಲಿ ಅದೇ ಟೂರ್ಸ್‌ನ ಬಿಷಪ್ ಪರ್ಪೆಚ್ಯುಯಸ್ ಒಂದು ಉಪವಾಸ ಗೊತ್ತು ಮಾಡಿದರು: ನವೆಂಬರ್ 11ರ ಸಂತ ಮಾರ್ಟಿನ್ ಹಬ್ಬದಿಂದ ಕ್ರಿಸ್‌ಮಸ್‌ವರೆಗೆ ವಾರಕ್ಕೆ ಮೂರು ದಿನ. ಆಮೇಲೆ ಮಾಕೋನ್‌ನ ಸಭೆ ಸೋಮವಾರ, ಬುಧವಾರ, ಶುಕ್ರವಾರ ಅಂತ ದಿನಾನೂ ಹೇಳಿತು. ಜನ ಇದನ್ನ 'ಸಂತ ಮಾರ್ಟಿನರ 40 ದಿನ' ಅಂತಲೇ ಕರೆದರು. ಬೆಟ್ಟಕ್ಕೆ ಓಡೋದು ಬೇಡ, ಊರಲ್ಲೇ ಇದ್ದು ಎಲ್ಲರೂ ಒಟ್ಟಿಗೆ ಹಸಿದಿರಿ. ನನಗಂತೂ ಇದು ಒಳ್ಳೇ ರಾಜಿ ಅನಿಸುತ್ತೆ.

ರೋಮ್ ಕೊನೆಗೆ ನಾಲ್ಕು ಭಾನುವಾರಕ್ಕೆ ಇಳಿಸಿತು. ಮಿಲಾನ್ ಒಪ್ಪಲಿಲ್ಲ, ಅಲ್ಲಿ ಇವತ್ತಿಗೂ ಆರು. ಪಶ್ಚಿಮದಲ್ಲಿ ಉಪವಾಸ ನಿಧಾನಕ್ಕೆ ಸಡಿಲವಾಯ್ತು. ಪೂರ್ವದ ಆರ್ಥೊಡಾಕ್ಸ್ ಚರ್ಚುಗಳಲ್ಲಿ 40 ದಿನ ಹಾಗೇ ಉಳೀತು. ನಿಮ್ಮ ಹಾಸ್ಟೆಲ್‌ನಲ್ಲಿ ಕೇರಳದ ಸಿರಿಯನ್ ಕ್ರೈಸ್ತ ಗೆಳೆಯರು ಡಿಸೆಂಬರ್‌ನಲ್ಲಿ ಚಿಕನ್ ಬಿರಿಯಾನಿ ಬೇಡ ಅಂದ್ರೆ ಡಯಟ್ ಅಂತ ರೇಗಿಸಬೇಡಿ. ಅದು '25 ನೋಂಬು'.

ಈಗ ಫೋಟೋದಲ್ಲಿರೋ ಮೇಣದಬತ್ತಿ ವಿಷಯ. ಇದು ಅಷ್ಟು ಹಳೇದಲ್ಲ, 1839ರದ್ದು. ಹ್ಯಾಂಬರ್ಗ್‌ನಲ್ಲಿ ಯೋಹಾನ್ ಹಿನ್ರಿಖ್ ವಿಖೆರ್ನ್ ಅನ್ನೋ ಪಾದ್ರಿ ಬಡಮಕ್ಕಳಿಗಾಗಿ ಒಂದು ಮನೆ ನಡೆಸ್ತಿದ್ದರು. ಮಕ್ಕಳು ದಿನಾ ಕೇಳೋರು: ಕ್ರಿಸ್‌ಮಸ್ ಇವತ್ತಾ? ಅದಕ್ಕೆ ಅವರು ಒಂದು ಗಾಡಿಚಕ್ರ ತಂದು ಅದರ ಮೇಲೆ ವಾರದ ದಿನಗಳಿಗೆ ಚಿಕ್ಕ ಕೆಂಪು ಬತ್ತಿ, ಭಾನುವಾರಗಳಿಗೆ ನಾಲ್ಕು ದೊಡ್ಡ ಬಿಳಿ ಬತ್ತಿ ಇಟ್ಟರು. ದಿನಕ್ಕೊಂದು ಹಚ್ಚೋದು. ಎಷ್ಟು ದಿನ ಬಾಕಿ ಅಂತ ಮಕ್ಕಳೇ ಎಣಿಸ್ಕೊಳ್ಳೋರು.

ಆಮೇಲೆ ಇದು ಬೇರೆ ಮನೆ, ಚರ್ಚುಗಳಿಗೆ ಹರಡಿದಾಗ ಅಷ್ಟೊಂದು ಬತ್ತಿಗೆ ಜಾಗ ಎಲ್ಲಿ? ಚಿಕ್ಕ ಕೆಂಪು ಬತ್ತಿಗಳು ಬಿಟ್ಟುಹೋದವು, ದೊಡ್ಡ ನಾಲ್ಕು ಉಳಿದವು.