ಮಾತು ಬರಹಕ್ಕಿಳಿದ ಬಗೆ

ಗೋಕಾಕ ಸೀಮೆಯ ನಮ್ಮ ಕಲ್ಲೋಳಿಯ ಹೆಸರು ಕಲ್ಲಿನ ಮೇಲೆ ಮೂಡಿ ಎಂಟುನೂರು ವರ್ಷ ದಾಟಿತು. ರಟ್ಟರ ಅರಸ ನಾಲ್ಕನೆಯ ಕಾರ್ತವೀರ್ಯನ ಕಾಲದ, 1204ರ ಜೈನ ಶಾಸನದಲ್ಲಿ ಊರು ‘ಕಲ್ಪೊಳೆ’. ಹತ್ತೊಂಬತ್ತನೆಯ ಶತಮಾನದಲ್ಲಿ ಅದನ್ನು ಪ್ರಕಟಿಸಿದ ಜೆ.ಎಫ್. ಫ್ಲೀಟ್ ಊರನ್ನು ‘ಕಲ್ಹೋಳಿ’ ಎಂದು ಕರೆದ. ಈಗ ಹುಡುಗರು ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಊರ ಹೆಸರು ಬರೆದರೆ ಪರವೂರಿನವರು ‘ಕಲ್ಲೋಲಿ’ ಎಂದು ಓದುತ್ತಾರೆ.

ಶಾಸನದ ಕನ್ನಡ ಅರಸರದು, ಪಂಡಿತರದು. ಶಾಸನ ನೆಟ್ಟ ದಿನ ಬಸದಿಯ ಮುಂದೆ ನಿಂತವರು ತಮ್ಮತಮ್ಮಲ್ಲಿ ಹೇಗೆ ಮಾತಾಡಿದರೋ, ಅದು ಕಲ್ಲಿಗೆ ಇಳಿಯಲಿಲ್ಲ. ಕಾಗದಕ್ಕೂ ಬಹಳ ಕಾಲ ಇಳಿಯಲಿಲ್ಲ. ಇದನ್ನು ನಾನು ಬಲ್ಲೆ, ಯಾಕೆಂದರೆ ಶಾಲೆಗೆ ಹೋಗುವಾಗ ನಮ್ಮ ಓಣಿಯವರ ಪತ್ರ ಬರೆದುಕೊಡುತ್ತಿದ್ದವನು ನಾನೇ. ಆಯಿ ಒಬ್ಬಾಕಿ ಕಟ್ಟೆಯ ಮೇಲೆ ಕೂತು, “ಬರೀಪಾ ತಮ್ಮಾ, ಎಮ್ಮಿ ಹೆಣ್ಗರಾ ಹಾಕೈತಿ, ಗಿಣ್ಣದ ಹಾಲ ಕುಡ್ಯಾಕ ಬಾ ಅಂತ ಹೇಳು” ಅನ್ನುತ್ತಿದ್ದಳು. ನಾನು ಕಾರ್ಡಿನಲ್ಲಿ “ಉಭಯ ಕುಶಲೋಪರಿ. ಎಮ್ಮೆಯು ಹೆಣ್ಣುಕರುವನ್ನು ಈದಿರುತ್ತದೆ. ಕೂಡಲೇ ಊರಿಗೆ ಬರತಕ್ಕದ್ದು” ಎಂದು ಬರೆಯುತ್ತಿದ್ದೆ. ಹಾಗೆ ಬರೆಯುವುದೇ ಪದ್ಧತಿ. ಗಿಣ್ಣ ಬರಹದಲ್ಲಿ ಇರುತ್ತಲೇ ಇರಲಿಲ್ಲ.

ಈ ಸೀಮೆಯ ಮಾತಿಗೆ ಮಾನ ಕೊಟ್ಟದ್ದು ಮೊದಲು ಬಯಲಾಟ. ಶ್ರೀಕೃಷ್ಣ ಪಾರಿಜಾತದ ಕುಲಗೋಡ ತಮ್ಮಣ್ಣ, ಆ ಆಟವನ್ನು ಊರೂರಿಗೆ ಒಯ್ದ ಕೌಜಲಗಿ ನಿಂಗಮ್ಮ ಇಲ್ಲಿಯವರೇ. ಬೆಟಗೇರಿಯ ಕೃಷ್ಣಶರ್ಮರು, ‘ಆನಂದಕಂದ’ರೆಂದು ಹೆಸರಾದವರು, ಹಳ್ಳಿಯ ನುಡಿಯಲ್ಲೇ ಹಾಡು ಕಟ್ಟಿದರು. ಹುಕ್ಕೇರಿ ತಾಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರರು ಅದೇ ಮಾತನ್ನು ಜ್ಞಾನಪೀಠದವರೆಗೆ ಮುಟ್ಟಿಸಿದರು. ಆದರೆ ಇವರೆಲ್ಲ ಕಲಾವಿದರು, ಕವಿಗಳು. ಕಬ್ಬು ಕಡಿಯುವವ, ರೊಟ್ಟಿ ಬಡಿಯುವಾಕಿ ತಮ್ಮ ಮಾತನ್ನು ತಾವೇ ಬರೆದದ್ದು ಮೊಬೈಲು ಬಂದ ಮೇಲೆ.

ಅದೂ ಒಮ್ಮೆಲೇ ಆಗಲಿಲ್ಲ. ಗುಂಡಿ ಒತ್ತುವ ಫೋನುಗಳಲ್ಲಿ ಯಾರಾದರೂ ಕನ್ನಡದಲ್ಲಿ ಕಳಿಸಿದರೆ ಬರೀ ಡಬ್ಬಿ ಡಬ್ಬಿ ಕಾಣುತ್ತಿದ್ದವು. ಒಂದು ಎಸ್ಸೆಮ್ಮೆಸ್ಸಿನಲ್ಲಿ ಇಂಗ್ಲಿಷಾದರೆ 160 ಅಕ್ಷರ, ಕನ್ನಡವಾದರೆ 70 ಮಾತ್ರ. ರೊಕ್ಕದ ಲೆಕ್ಕ ಹಾಕುವ ಜನ ಇಂಗ್ಲಿಷ್ ಅಕ್ಷರ ಹಿಡಿದದ್ದರಲ್ಲಿ ತಪ್ಪೇನಿಲ್ಲ. ಕಂಪ್ಯೂಟರಿನಲ್ಲಿ ಆಗಲೇ ಕೆ.ಪಿ. ರಾವ್ ಅವರ ಕೀಲಿಮಣೆ, ‘ಬರಹ’, ‘ನುಡಿ’ ತಂತ್ರಾಂಶಗಳು ಇದ್ದವು. ಅವು ನಮ್ಮ ಕೈಗಲ್ಲ, ಡಿಟಿಪಿ ಅಂಗಡಿಗೆ ಬಂದವು. 2012ರಲ್ಲಿ ಆಂಡ್ರಾಯ್ಡ್ 4.1 ಕನ್ನಡ ಲಿಪಿಯನ್ನು ತೋರಿಸತೊಡಗಿತು. 2016ರಲ್ಲಿ ಜಿಯೋ ಬಂದು ಡೇಟಾ ಸೋವಿಯಾಯಿತು. ಮುಂದಿನ ವರ್ಷ ಗೂಗಲ್ ಕೀಬೋರ್ಡು ಕನ್ನಡ ಮಾತನ್ನು ಕೇಳಿ ಬರೆಯುವುದನ್ನೂ ಕಲಿಯಿತು.

ಈಗ ನಮ್ಮ ರೈತರ ವಾಟ್ಸಾಪ್ ಗುಂಪು ತೆರೆದರೆ “ಕೆನಾಲಕ ನೀರ ಬಿಟ್ಟಾರ”, “ಕಬ್ಬಿನ ಗ್ಯಾಂಗ್ ನಾಳಿ ಬರತೈತಿ”, “ಕರೆಂಟ್ ಹೋತ್ರೆಪಾ” ಅಂತ ಇರುತ್ತದೆ. ಇಂಥ ಬರಹವನ್ನು ನಮ್ಮ ಹಿರಿಯರು ಕಂಡಿರಲಿಲ್ಲ. ಮೊಬೈಲು ಕನ್ನಡವನ್ನು ಕೆಡಿಸಿತು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಆಯಿಯ ಗಿಣ್ಣಕ್ಕೆ ಬರಹದಲ್ಲಿ ಜಾಗ ಸಿಕ್ಕದ್ದು ಇದರಿಂದಲೇ.

ನನಗೆ ಸಂಕಟವಾಗುವುದು ಬೇರೆ ಕಡೆ. ಓಣಿಯಲ್ಲಿ ಯಾರೋ ತೀರಿಕೊಂಡರೆ ಗುಂಪಿನ ತುಂಬ ‘ಆರ್‌ಐಪಿ’. ಮೊದಲು ಸಾವಿನ ಸುದ್ದಿ ಹೊತ್ತ ಕಾರ್ಡನ್ನು ಓದಿದ ಕೂಡಲೇ ಹರಿದು ಹಾಕುತ್ತಿದ್ದರು, ಮನೆಯಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ಅಷ್ಟು ಭಾರ ಆ ಸುದ್ದಿಗೆ. “ಭಾಳ ಚಲೋ ಮನಶ್ಯಾ, ಹೋಗಬಾರದಿತ್ತು” ಅನ್ನಲು ಬಾರದವರು ನಾವಲ್ಲ. ಇನ್ನೊಂದು, ‘ಹೊಂಟೇನಿ’ ಎಂದು ಬರೆಯಹೋದರೆ ಕೀಬೋರ್ಡು ಪುಸ್ತಕದ ಪದಗಳನ್ನು ಮುಂದೊಡ್ಡುತ್ತದೆ. ಇಂಥ ಸಲಹೆಗಳು ಹುಟ್ಟುವುದು ಈಗಾಗಲೇ ಇರುವ ಬರಹದಿಂದ, ಮತ್ತು ಅಲ್ಲಿ ನಮ್ಮ ಕಡೆಯ ಮಾತು ಕಡಿಮೆ. ಹುಡುಗರು ಬೇಸತ್ತು ತೋರಿಸಿದ್ದನ್ನೇ ಒತ್ತಿಬಿಡುತ್ತಾರೆ.

ಆದ್ದರಿಂದ ಗೋಕಾಕ, ಮೂಡಲಗಿ, ಹುಕ್ಕೇರಿಯ ತಮ್ಮಂದಿರಿಗೆ, ತಂಗ್ಯಾರಿಗೆ ಕೇಳಿಕೊಳ್ಳುವುದಿಷ್ಟು: ಆಡುವ ಹಾಗೆಯೇ ಬರೆಯಿರಿ, ಕನ್ನಡ ಅಕ್ಷರದಲ್ಲೇ ಬರೆಯಿರಿ. ಮನೆಯಲ್ಲಿ ಆಯಿ ಮುತ್ಯಾ ಇದ್ದರೆ ಅವರ ಮಾತನ್ನು ಅವರು ಅಂದ ಹಾಗೇ ಇವತ್ತೇ ಟೈಪು ಮಾಡಿ ಇಡಿರಿ.