ಆತ್ಮಹತ್ಯೆಯ ಯೋಚನೆ: ಕೇಳಲು ಹಿಂಜರಿಯಬೇಡಿ

'ಇನ್ನು ಬದುಕಿ ಏನು ಪ್ರಯೋಜನ?' ಎಂದು ಮನೆಯಲ್ಲಿ ಯಾರಾದರೂ ಅಂದರೆ 'ಬಿಡ್ತು ಅನ್ನು' ಎಂದು ಗದರಿ ಬಾಯಿ ಮುಚ್ಚಿಸುವುದು ನಮ್ಮಲ್ಲಿನ ರೂಢಿ. ಮಾತು ಅಲ್ಲಿಗೆ ನಿಲ್ಲುತ್ತದೆಯೇ ಹೊರತು ಆ ಯೋಚನೆ ನಿಲ್ಲುವುದಿಲ್ಲ. 'ಸಾಯುತ್ತೇನೆ ಎನ್ನುವವರು ಸಾಯುವುದಿಲ್ಲ' ಎಂಬ ನಂಬಿಕೆಯೂ ಅಪಾಯಕಾರಿ. ಆತ್ಮಹತ್ಯೆ ಮಾಡಿಕೊಂಡವರಲ್ಲಿ ಅನೇಕರು ಮೊದಲೇ ಯಾರಿಗಾದರೂ ಸೂಚನೆ ನೀಡಿರುತ್ತಾರೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಮಂದಿ ಹೀಗೆ ಮೃತಪಟ್ಟರು. ಕೌಟುಂಬಿಕ ಸಮಸ್ಯೆ ಮತ್ತು ಅನಾರೋಗ್ಯ ಮುಖ್ಯ ಕಾರಣಗಳೆಂದು ದಾಖಲಾಗಿವೆ.

ನಿದ್ರೆ, ಊಟ ಕೆಡುವುದು, ಆಪ್ತರಿಂದ ದೂರವಾಗುವುದು, ಕುಡಿತ ಹೆಚ್ಚುವುದು, 'ನಾನು ಎಲ್ಲರಿಗೂ ಹೊರೆ' ಎನ್ನುವುದು, ಪ್ರಿಯವಾದ ವಸ್ತುಗಳನ್ನು ಹಂಚಿಬಿಡುವುದು ಗಮನಿಸಬೇಕಾದ ಲಕ್ಷಣಗಳು. ಬಹುಕಾಲ ಕುಗ್ಗಿದ್ದವರು ಇದ್ದಕ್ಕಿದ್ದಂತೆ ನಿರಾಳರಾದರೆ ಮನೆಯವರು ನೆಮ್ಮದಿಪಡುತ್ತಾರೆ. ಆಗಲೂ ಎಚ್ಚರ ಬೇಕು. ಹಿಂದೊಮ್ಮೆ ಯತ್ನಿಸಿದವರಲ್ಲಿ ಅಪಾಯ ಇನ್ನೂ ಹೆಚ್ಚು.

ಅನುಮಾನ ಬಂದರೆ ಏಕಾಂತದಲ್ಲಿ ಕುಳಿತು 'ಸಾಯಬೇಕು ಅನ್ನಿಸುತ್ತಿದೆಯೇ?' ಎಂದು ನೇರವಾಗಿ ಕೇಳಿ. ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುತ್ತದೆಂಬ ಭಯಕ್ಕೆ ಆಧಾರವಿಲ್ಲ. ಹಲವರಿಗೆ ಹೇಳಿಕೊಳ್ಳಲು ದಾರಿ ಸಿಕ್ಕಂತಾಗುತ್ತದೆ. ಉತ್ತರ ಹೌದಾದರೆ ಉಪದೇಶ ಬೇಡ. ಮನೆತನದ ಮರ್ಯಾದೆ, ಮಕ್ಕಳ ಗತಿ ಎಂದು ಅಪರಾಧಿ ಭಾವ ಮೂಡಿಸುವುದಂತೂ ಬೇಡವೇ ಬೇಡ. ಯಾರಿಗೂ ಹೇಳುವುದಿಲ್ಲವೆಂದು ಭಾಷೆ ಕೊಡಬೇಡಿ. ಅವರನ್ನು ಒಂಟಿಯಾಗಿ ಬಿಡಬೇಡಿ. ಮನೆಯಲ್ಲಿರುವ ಕೀಟನಾಶಕ, ಮಾತ್ರೆಗಳನ್ನು ಅವರ ಕೈಗೆ ಸಿಗದಂತೆ ಬೇರೆಡೆಗೆ ಸಾಗಿಸಿ. ಸಾಯುವ ತೀವ್ರ ಬಯಕೆ ಅನೇಕರಲ್ಲಿ ಸ್ವಲ್ಪ ಹೊತ್ತಿನದು. ಆ ಹೊತ್ತು ದಾಟಿದರೆ ಜೀವ ಉಳಿಯಬಹುದು.

2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಬಳಲುತ್ತಿರುವವರೇ ಕರೆಯಬೇಕೆಂದಿಲ್ಲ, ಮನೆಯವರೂ ಸಲಹೆ ಕೇಳಬಹುದು. ಜಿಲ್ಲಾಸ್ಪತ್ರೆಗಳಲ್ಲಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನೋವೈದ್ಯರಿದ್ದಾರೆ. ತಕ್ಷಣದ ಅಪಾಯವಿದ್ದರೆ 112 ಅಥವಾ 108ಕ್ಕೆ ಕರೆ ಮಾಡಿ.

ಪೊಲೀಸ್ ಕೇಸಿನ ಭಯದಿಂದ ಆಸ್ಪತ್ರೆಗೆ ಒಯ್ಯಲು ತಡಮಾಡುವವರು ಈಗಲೂ ಇದ್ದಾರೆ. ಯತ್ನಿಸಿ ಬದುಕುಳಿದವರನ್ನು ಶಿಕ್ಷಿಸುತ್ತಿದ್ದ ಭಾರತೀಯ ದಂಡ ಸಂಹಿತೆಯ 309ನೇ ಕಲಂ 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಇಲ್ಲ. ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಸರ್ಕಾರ ಅವರಿಗೆ ಆರೈಕೆ ಒದಗಿಸಬೇಕು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ಆಸ್ಪತ್ರೆಯಿಂದ ಮರಳಿದ ಮೊದಲ ಕೆಲವು ವಾರಗಳು ನಾಜೂಕಾದವು. ಮುಂದಿನ ತಪಾಸಣೆಯ ದಿನವನ್ನು ಬರೆದಿಟ್ಟುಕೊಂಡು ಅಂದು ನೀವೇ ಜೊತೆಗೆ ಹೋಗಿ.