ಹಲ್ಲಿನ ಡಾಕ್ಟರ ಕುರ್ಚಿಯೂ ನಮ್ಮ ಎದೆಬಡಿತವೂ

ಹಲ್ಲಿನ ಡಾಕ್ಟರಿಂದ ನೆನಪಿನ ಕಾರ್ಡು ಅಂಚೆಯಲ್ಲಿ ಬಂದರೆ ಅದನ್ನು ಫ್ರಿಜ್ಜಿಗೆ ಅಂಟಿಸಿ, ನೋಯುವ ಹಲ್ಲಿಗೆ ಲವಂಗ ಒತ್ತಿಕೊಂಡು ದಿನ ತಳ್ಳುವವರು ನಮ್ಮ ಕೂಟದಲ್ಲಿ ಕಡಿಮೆಯೇನಿಲ್ಲ. ನಾವೂ ಆ ಗುಂಪಿನವರೇ. "ಇಷ್ಟಕ್ಕೆಲ್ಲ ಹೆದರುವುದೇ?" ಎಂದು ಮಕ್ಕಳಿಗೆ ಬುದ್ಧಿ ಹೇಳುತ್ತೇವೆ, ಆ ಕುರ್ಚಿಯಲ್ಲಿ ಕುಳಿತೊಡನೆ ನಮ್ಮ ಅಂಗೈಯೇ ಬೆವರುತ್ತದೆ. ಈ ಬೆವರನ್ನೂ ಎದೆಬಡಿತವನ್ನೂ ಅಳೆಯಲು ಹೊರಟವರ ಕಥೆ ಸ್ವಾರಸ್ಯವಾಗಿದೆ.

ನಾಡಿ ಹಿಡಿದು ಮನಸ್ಸನ್ನು ಅರಿಯುವ ಯತ್ನ ಬಹು ಹಳೆಯದು. ಎರಡನೆಯ ಶತಮಾನದ ರೋಮಿನಲ್ಲಿ ಗೇಲನ್ ಎಂಬ ವೈದ್ಯನು ನಿದ್ರೆಯಿಲ್ಲದೆ ನರಳುತ್ತಿದ್ದ ಹೆಂಗಸೊಬ್ಬಳ ನಾಡಿ ನೋಡಿದ. ಪೈಲೇಡಿಸ್ ಎಂಬ ನರ್ತಕನ ಹೆಸರು ಕಿವಿಗೆ ಬಿದ್ದಾಗಲೆಲ್ಲ ಅದು ತಾಳ ತಪ್ಪುತ್ತಿತ್ತಂತೆ. ಕಾಯಿಲೆ ದೇಹದ್ದಲ್ಲ, ಪ್ರೇಮದ್ದು ಎಂದು ಅವನು ತೀರ್ಮಾನಿಸಿದ.

ಹತ್ತೊಂಬತ್ತನೆಯ ಶತಮಾನದಲ್ಲಿ ಬೆರಳಿನ ಕೆಲಸ ಯಂತ್ರಕ್ಕೆ ಬಂತು. ಮನಸ್ಸು ಕಲಕಿದಾಗ ತೋಳಿನ ರಕ್ತ ಏರಿಳಿಯುವುದನ್ನು ಉಪಕರಣದಿಂದ ದಾಖಲಿಸಿದ ಇಟಲಿಯ ಆಂಜೆಲೊ ಮೊಸ್ಸೊ, 1884ರಲ್ಲಿ ಭಯದ ಬಗ್ಗೆಯೇ ಒಂದು ಪುಸ್ತಕ ಪ್ರಕಟಿಸಿದರು. 1888ರಲ್ಲಿ ಫ್ರಾನ್ಸಿನ ಷಾರ್ಲ್ ಫೆರೆ, ಭಾವೋದ್ರೇಕವಾದಾಗ ಚರ್ಮವು ವಿದ್ಯುತ್ತಿಗೆ ಒಡ್ಡುವ ತಡೆ ತಗ್ಗುವುದೆಂದು ತೋರಿಸಿದರು. ಬೆವರಿನ ಗ್ರಂಥಿಗಳು ಚುರುಕಾಗುವುದೇ ಇದಕ್ಕೆ ಕಾರಣ. 1915ರಲ್ಲಿ ಹಾರ್ವರ್ಡಿನ ವಾಲ್ಟರ್ ಕ್ಯಾನನ್, ಭಯದಲ್ಲೂ ಕೋಪದಲ್ಲೂ ಅಡ್ರಿನಲಿನ್ ರಕ್ತಕ್ಕೆ ಸೇರಿ ದೇಹವನ್ನು ಹೋರಾಟಕ್ಕೋ ಓಟಕ್ಕೋ ಅಣಿಗೊಳಿಸುವ ಬಗೆಯನ್ನು ವಿವರಿಸಿದರು.

ತೊಡಕು ಇರುವುದೂ ಇಲ್ಲೇ. ಎದೆ ಬಡಿದುಕೊಳ್ಳುವುದು ಭಯದಿಂದಲೋ, ಸಿಟ್ಟಿನಿಂದಲೋ, ಮೆಟ್ಟಿಲು ಹತ್ತಿ ಬಂದದ್ದರಿಂದಲೋ ಯಂತ್ರಕ್ಕೆ ತಿಳಿಯದು. ಒಸಡು ಜೋಮು ಹಿಡಿಸುವ ಇಂಜೆಕ್ಷನ್ನಿನಲ್ಲಿ ಅನೇಕ ವೇಳೆ ಅಡ್ರಿನಲಿನ್ನನ್ನೇ ಬೆರೆಸಿರುತ್ತಾರೆ; ಅದರಿಂದಲೂ ಎದೆ ಹಾರೀತು!

1969ರಲ್ಲಿ ನಾರ್ಮನ್ ಕೋರಾ ಎಂಬ ಮನೋವಿಜ್ಞಾನಿ ಸರಳವಾದ ದಾರಿ ಹಿಡಿದರು: ರೋಗಿಯನ್ನೇ ಕೇಳುವುದು. ನಾಳೆ ಡಾಕ್ಟರಲ್ಲಿಗೆ ಹೋಗಬೇಕೆಂದರೆ ಹೇಗನ್ನಿಸುತ್ತದೆ? ಹೊರಗೆ ಕಾಯುವಾಗ? ಡ್ರಿಲ್ ಅಣಿಮಾಡುವಾಗ? ಹಲ್ಲು ಶುಚಿಮಾಡುವ ಸಲಕರಣೆ ತೆಗೆಯುವಾಗ? ಈ ನಾಲ್ಕು ಪ್ರಶ್ನೆಗಳಿಗೆ ಒಟ್ಟು 4ರಿಂದ 20 ಅಂಕ. 1995ರಲ್ಲಿ ಬ್ರಿಟನ್ನಿನಲ್ಲಿ ಇಂಜೆಕ್ಷನ್ನಿನ ಬಗ್ಗೆ ಐದನೆಯ ಪ್ರಶ್ನೆ ಸೇರಿತು.

ಹಾಗೆಂದು ಕೋರಾ ಯಂತ್ರವನ್ನು ಬಿಟ್ಟುಬಿಡಲಿಲ್ಲ. 1973ರಲ್ಲಿ ಅವರು ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಡಾಕ್ಟರಿಗೆ ಸನ್ನೆ ಮಾಡಲು ಕೆಲವು ಮಕ್ಕಳ ಕೈಗೆ ಗುಂಡಿ ಕೊಟ್ಟು ಚರ್ಮದ ವಿದ್ಯುತ್ತನ್ನು ಅಳೆದರು. ಹೆಚ್ಚು ಕಳವಳ ತರುವ ಹಂತಗಳಲ್ಲಿ, ಗುಂಡಿಯಿದ್ದ ಮಕ್ಕಳ ದೇಹ ಅಷ್ಟಾಗಿ ಬೆಚ್ಚಲಿಲ್ಲ. ತನ್ನ ಮಾತು ನಡೆಯುತ್ತದೆಂಬ ಧೈರ್ಯ ಅಂಗೈಯ ಬೆವರಿನಲ್ಲೂ ಕಾಣುತ್ತದೆಂದಾಯಿತು.

ಇದು ನಮಗೆ ಉಪಯೋಗಕ್ಕೆ ಬರುವ ವಿಷಯ. ಊರಿನಿಂದ ಬಂದಿರುವ ಅತ್ತೆ, ಮಾವ, ಅಪ್ಪ, ಅಮ್ಮಂದಿರು ಆ ಕುರ್ಚಿಯಲ್ಲಿ ಕುಳಿತು ಇಂಗ್ಲಿಷಿನಲ್ಲಿ ತಮ್ಮ ಭಯವನ್ನು ಹೇಳಿಕೊಳ್ಳಲಾರರು. ಹೊರಡುವ ಮುನ್ನ ಆ ಪ್ರಶ್ನೆಗಳನ್ನು ಕನ್ನಡದಲ್ಲಿ ನಾವೇ ಕೇಳಬಹುದು. ಕೈ ಎತ್ತಿದರೆ ನಿಲ್ಲಿಸಬೇಕೆಂದು ಡಾಕ್ಟರೊಡನೆ ಮೊದಲೇ ಮಾತಾಡಿಕೊಳ್ಳಬಹುದು. ಕೈ ಎತ್ತಲು ಯಾವ ಭಾಷೆಯೂ ಬೇಡವಷ್ಟೆ?

ನಮ್ಮ ಮನೆಯ ಕಾರ್ಡನ್ನಂತೂ ಫ್ರಿಜ್ಜಿನಿಂದ ಕಿತ್ತು ಫೋನಿನ ಪಕ್ಕದಲ್ಲಿಟ್ಟಿದ್ದೇವೆ.